ಅಪ್‌ಡೇಟ್: ಎಂಜಿಬಿ ಕಾರು ಮುಗ್ಗರಿಸ್ತಿದ್ದದ್ದು ಸರಿಹೋಯ್ತು
ನಮ್ 1965ರ ಎಂಜಿಬಿ (ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಎಕ್ಸಲರೇಟರ್ ಜೋರಾಗಿ ಒತ್ತಿದ ತಕ್ಷಣ ಮುಗ್ಗರಿಸುತ್ತೆ, ಏನ್ಮಾಡೋದು ಅಂತ ಹಿಂದೆ ಇಲ್ಲಿ ಕೇಳಿದ್ನಲ್ಲ, ಕಾರಣ ಸಿಕ್ತು. ಗಾಳಿ-ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡೋ ಎರಡು ಎಸ್‌ಯು ಕಂಪನಿ ಕಾರ್ಬುರೇಟರ್ ಇದ್ಯಲ್ಲ, ಅದ್ರ ತಲೆ ಮೇಲಿನ ಕ್ಯಾಪ್ ತಿರುಗಿಸಿ ಎತ್ತಿ ನೋಡಿದ್ರೆ ಒಂದ್ರಲ್ಲಿ ಆಯಿಲ್ ಒಂದು ತೊಟ್ಟೂ ಇಲ್ಲ! ಆ ಆಯಿಲ್ ಇಲ್ದಿದ್ರೆ ಒಳಗಿನ ಪಿಸ್ಟನ್ ಸರ್ರಂತ ಮೇಲೆ ಹೋಗ್ಬಿಟ್ಟು ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆಗುತ್ತೆ, ಅದಕ್ಕೇ ಆ ಕೆಮ್ಮು. 20 ಗ್ರೇಡ್ ಆಯಿಲ್ ಹಾಕಿದ್ಮೇಲೆ ಏರಲ್ಲೂ ಸಲೀಸಾಗಿ ಎಳೀತಿದೆ.

ಎಲೆಕ್ಟ್ರಾನಿಕ್ ಇಗ್ನಿಷನ್ (ಪ್ಲಗ್ ಕಿಡಿಯನ್ನ ಎಲೆಕ್ಟ್ರಾನಿಕ್ ಆಗಿ ನಡೆಸೋ ಕಿಟ್) ಹಾಕ್ಸಿ ಅಂದೋರಿಗೆ ಥ್ಯಾಂಕ್ಸ್, ಬೇಕಾಗ್ಲಿಲ್ಲ. ಅದೂ ಅಲ್ದೆ ಇದು ಪಾಸಿಟಿವ್ ಅರ್ಥ್ ಗಾಡಿ (ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರೋದು, ಈಗಿನ ಕಾರುಗಳಿಗೆ ಉಲ್ಟಾ) ಮಾರಾಯ್ರೆ, ಸಿಕ್ಕಿದ್ ಕಿಟ್ ಹಾಕಿದ್ರೆ ಸುಟ್ಟೇ ಹೋಗುತ್ತೆ.

ಕೀ ತಿರುಗಿಸಿದ್ರೆ ಹಿಂದಿಂದ ಪೆಟ್ರೋಲ್ ಪಂಪ್ ಟಿಕ್ ಟಿಕ್ ಅನ್ನುತ್ತೆ, ಕಾರ್ಬುರೇಟರ್ ತುಂಬಿ ಅದು ನಿಧಾನ ಆಗೋವರ್ಗೂ ನಾನು ಸ್ಟಾರ್ಟ್ ಮಾಡಲ್ಲ, ಪಕ್ಕದಲ್ಲಿ ಕೂತ ಹೆಂಡ್ತಿಗೆ ಮಾತ್ರ ಅಷ್ಟು ತಾಳ್ಮೆ ಇಲ್ಲ.