ಕ್ರಿಯೆ, ಪ್ರತಿಕ್ರಿಯೆ ಸಮವಾದರೆ ತಳ್ಳುಗಾಡಿ ಮುಂದೆ ಹೋಗುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ನಾನು ಕೋಲಾರದ ಟೊಮೆಟೊ ಮಾರುಕಟ್ಟೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಒಂಬತ್ತನೇ ತರಗತಿಯ ಮಗಳು ನ್ಯೂಟನ್‌ನ ಮೂರನೇ ನಿಯಮವನ್ನು ಓದಿ ಕೇಳಿದ ಪ್ರಶ್ನೆಗೆ ಎರಡು ದಿನಗಳಿಂದ ನನಗೆ ಉತ್ತರ ಹೊಳೆದಿಲ್ಲ. ಹಮಾಲಿ ಗಾಡಿಯನ್ನು ಎಷ್ಟು ಬಲದಿಂದ ತಳ್ಳುತ್ತಾನೋ ಗಾಡಿಯೂ ಅವನನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುವುದಾದರೆ, ಎರಡೂ ಒಂದಕ್ಕೊಂದು ವಜಾ ಆಗಿ ಗಾಡಿ ನಿಂತಲ್ಲೇ ನಿಲ್ಲಬೇಕಲ್ಲವೇ? ಬಾಕ್ಸುಗಳನ್ನು ಹೇರಿದ ಗಾಡಿ ದಿನವೂ ನನ್ನ ಕಣ್ಣೆದುರೇ ಉರುಳಿ ಹೋಗುತ್ತದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ನಾನು ವಿಜ್ಞಾನ ಪಾಠ ಮಾಡುವವಳು. ಹೆಚ್ಚಿನ ಮಕ್ಕಳು ಇದನ್ನು ಕೇಳದೆ ನಿಯಮವನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಎರಡು ಬಲಗಳು ವಜಾ ಆಗಬೇಕಾದರೆ ಅವು ಒಂದೇ ವಸ್ತುವಿನ ಮೇಲೆ ಬೀಳಬೇಕು. ಇಲ್ಲಿ ಹಮಾಲಿಯ ಬಲ ಬೀಳುವುದು ಗಾಡಿಯ ಮೇಲೆ, ಗಾಡಿಯ ಬಲ ಬೀಳುವುದು ಹಮಾಲಿಯ ಮೇಲೆ. ಒಬ್ಬ ರೈತನ ಖಾತೆಯ ಜಮೆಯನ್ನು ಇನ್ನೊಬ್ಬನ ಖಾತೆಯ ಖರ್ಚಿಗೆ ವಜಾ ಮಾಡಲು ಬರುವುದಿಲ್ಲವೆಂಬುದು ಲೆಕ್ಕ ಬರೆಯುವ ತಮಗೆ ಗೊತ್ತೇ ಇದೆ.

ಗಾಡಿಯ ಖಾತೆಯನ್ನಷ್ಟೇ ತೆರೆದು ನೋಡಿ: ಮುಂದಕ್ಕೆ ಹಮಾಲಿಯ ಬಲ, ಹಿಂದಕ್ಕೆ ಚಕ್ರದ ಘರ್ಷಣೆ. ಮೊದಲನೆಯದು ಹೆಚ್ಚಾದಾಗ ಗಾಡಿ ಹೊರಡುತ್ತದೆ. ಹಮಾಲಿಯ ಖಾತೆಯಲ್ಲಿ ಗಾಡಿ ಅವನನ್ನು ಹಿಂದಕ್ಕೆ ತಳ್ಳಿದರೆ ನೆಲ ಮುಂದಕ್ಕೆ ತಳ್ಳುತ್ತದೆ, ಏಕೆಂದರೆ ಅವನು ಪಾದದಿಂದ ನೆಲವನ್ನು ಹಿಂದಕ್ಕೆ ಒತ್ತುತ್ತಿರುತ್ತಾನೆ. ಹಣ್ಣು ಜಜ್ಜಿ ಲೋಳೆಯಾದ ಜಾಗದಲ್ಲಿ ಅವನನ್ನು ಗಮನಿಸಿ. ಮೈ ಮುಂದಕ್ಕೆ ಬಾಗಿರುತ್ತದೆ, ತೋಳು ಬಿಗಿದಿರುತ್ತದೆ, ಪಾದ ಮಾತ್ರ ಹಿಂದಕ್ಕೆ ಜಾರುತ್ತದೆ, ಗಾಡಿ ಕದಲುವುದಿಲ್ಲ. ಅಲ್ಲಿ ನಿಯಮ ಮುರಿದಿಲ್ಲ. ಕಾಲಿಗೆ ಹಿಡಿತ ಸಿಗದೆ ಪಾದ ನೆಲವನ್ನು ಒತ್ತುವ ಬಲವೂ ನೆಲ ಪಾದವನ್ನು ತಳ್ಳುವ ಬಲವೂ ಸಮಸಮವಾಗಿಯೇ ಕಡಿಮೆಯಾಗಿವೆ.

ಉತ್ತರ 2:
ನಮ್ಮದು ಚಿಂತಾಮಣಿ ಕಡೆ. ಬೋರ್‌ವೆಲ್ ಮೋಟರ್ ಹಾಕಿದಾಗ, ತುದಿಯಲ್ಲಿ ಬಾಗಿರುವ ಪೈಪನ್ನು ಕಟ್ಟದೆ ಬಿಟ್ಟಿದ್ದರೆ ನೀರು ಮುಂದಕ್ಕೆ ಚಿಮ್ಮಿದೊಡನೆ ಪೈಪು ಹಿಂದಕ್ಕೆ ಒದೆಯುತ್ತದೆ. ಸೆಕೆಂಡಿಗೆ 5 ಲೀಟರ್ ನೀರು 2.5 ಮೀಟರ್ ವೇಗದಲ್ಲಿ ಹೊರಬಿದ್ದರೆ ಆ ಒದೆತ ಸುಮಾರು 12.5 ನ್ಯೂಟನ್, ಅಂದರೆ ಒಂದೂಕಾಲು ಕೆ.ಜಿ. ತೂಕದಷ್ಟು. ಹರಿವು ಅಷ್ಟೇ ಉಳಿದು ಬಾಯಿಯ ವಿಸ್ತೀರ್ಣ ಅರ್ಧಕ್ಕೆ ಇಳಿದರೆ ವೇಗವೂ ಒದೆತವೂ ಇಮ್ಮಡಿಯಾಗುತ್ತವೆ. ಮಗಳ ಕೈಗೆ ಪೈಪು ಕೊಟ್ಟು ನೋಡಿ. ಬಲದ ದಿಕ್ಕು ಅವಳ ಅಂಗೈಗೇ ತಿಳಿಯುತ್ತದೆ.

ಉತ್ತರ 3:
ಮೇಡಂ ಹೇಳಿದ್ದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ನೆಲದ ಮೇಲಿಟ್ಟ 15 ಕೆ.ಜಿ. ಬಾಕ್ಸನ್ನು ಭೂಮಿ ಸುಮಾರು 147 ನ್ಯೂಟನ್ ಬಲದಿಂದ ಎಳೆಯುತ್ತದೆ, ನೆಲ ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತದೆ. ಇವೆರಡನ್ನು ಕ್ರಿಯೆ, ಪ್ರತಿಕ್ರಿಯೆಯ ಜೋಡಿಯೆಂದು ಬರೆಯುವುದು ತಪ್ಪು, ಎರಡೂ ಬಾಕ್ಸಿನ ಮೇಲೆಯೇ ಬೀಳುತ್ತವೆ. ಭೂಮಿಯ ಎಳೆತಕ್ಕೆ ನಿಜವಾದ ಜೋಡಿ, ಬಾಕ್ಸು ಭೂಮಿಯನ್ನು ತನ್ನತ್ತ ಎಳೆಯುವ 147 ನ್ಯೂಟನ್. ‘ಪ್ರತಿಕ್ರಿಯೆ’ ಎಂಬ ಮಾತೂ ದಾರಿ ತಪ್ಪಿಸುತ್ತದೆ: ಆಡುಮಾತಿನಲ್ಲಿ ಅದು ಆಮೇಲೆ ಬರುವಂಥದ್ದು, ಇಲ್ಲಿ ಎರಡೂ ಏಕಕಾಲದವು. 1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಕೊಟ್ಟ ಉದಾಹರಣೆಯೂ ತಮ್ಮ ಗಾಡಿಗೆ ಹತ್ತಿರದ್ದೇ: ಹಗ್ಗ ಕಟ್ಟಿ ಕಲ್ಲನ್ನು ಎಳೆಯುವ ಕುದುರೆ ಅಷ್ಟೇ ಬಲದಿಂದ ಕಲ್ಲಿನತ್ತ ಎಳೆಯಲ್ಪಡುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಖಾತೆಯ ಮಾತು ಹೇಳಿದೊಡನೆ ಮಗಳು ಹಮಾಲಿಗೊಂದು, ಗಾಡಿಗೊಂದು, ನೆಲಕ್ಕೊಂದು ಎಂದು ಮೂರು ಬೇರೆ ಚಿತ್ರಗಳನ್ನು ಬರೆದು ಬಾಣಗಳನ್ನು ಹಾಕಿದಳು. ನೆಲದ ಚಿತ್ರದಲ್ಲಿ ಬಾಣ ಹಿಂದಕ್ಕಿರುವುದನ್ನು ತೋರಿಸಿ, ಜಾರುವ ಕಡೆ ಗೋಣಿಚೀಲ ಹಾಸುವುದು ಇದಕ್ಕೇ ಅಲ್ಲವೇ ಅಪ್ಪಾ ಎಂದು ಅವಳೇ ಕೇಳಿದಳು.