ಪದಚರ್ಚೆ: ‘ಫಲಾನುಭವಿ’ ಅಂದರೆ ಸರಿಯಾಗಿ ಯಾರು?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ತಾಲ್ಲೂಕು ಊರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ, ಪ್ರೂಫ್ ಎರಡೂ ನೋಡಿಕೊಳ್ಳುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು ಬಿಟ್ಟರೆ ನಮಗೆ ಬರುವ ದೊಡ್ಡ ಕೆಲಸ ಅಂದರೆ ಶಾಸಕರ ಪುಸ್ತಿಕೆ. ಕ್ಷೇತ್ರಕ್ಕೆ ಏನೇನು ಬಂತು, ಯಾವ ರಸ್ತೆಗೆ ಎಷ್ಟು ದುಡ್ಡು, ಯಾವ ಊರಿನ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದಳು, ಯಾವ ದೇವಸ್ಥಾನದ ಜಾತ್ರೆ ಯಾವಾಗ, ಎಲ್ಲಾ ಸೇರಿ 16 ಪುಟ. ಈ ಸಲದ ಪ್ರೂಫ್‌ನಲ್ಲಿ ‘ಫಲಾನುಭವಿ’ ಅನ್ನೋ ಪದ 41 ಸಲ ಬಂದಿದೆ. ಸುಮ್ನೆ ಎಣಿಸಿದೆ. ಎಣಿಸಿದ ಮೇಲೆ ತಲೆಯಿಂದ ಇಳಿಯುತ್ತಿಲ್ಲ.

ತೊಂದರೆ ಶುರುವಾಗಿದ್ದು 3ನೇ ಪುಟದಲ್ಲಿ. ಅಲ್ಲಿ ಐದು ಗ್ಯಾರಂಟಿಗಳ ಲೆಕ್ಕ ಇದೆ. ಕೊನೆಯಲ್ಲಿ ‘ಒಟ್ಟು ಫಲಾನುಭವಿಗಳು’ ಅಂತ ಒಂದು ಸಾಲು. ಆ ಸಂಖ್ಯೆ ನಮ್ಮ ತಾಲ್ಲೂಕಿನ ಜನಸಂಖ್ಯೆಗಿಂತ ಎಷ್ಟೋ ಜಾಸ್ತಿ! ಕೂತು ನೋಡಿದರೆ, ಶಕ್ತಿ ಯೋಜನೆಯಲ್ಲಿ ಹೆಂಗಸರು ಬಸ್ ಹತ್ತಿದ ಲೆಕ್ಕವನ್ನೂ ಅದಕ್ಕೇ ಕೂಡಿಸಿದ್ದಾರೆ. ಹತ್ತಿದ್ದು ಎಷ್ಟು ಸಲವೋ ಅಷ್ಟು ಶೂನ್ಯ ಟಿಕೆಟ್. ಟಿಕೆಟ್ ಎಷ್ಟೋ ಅಷ್ಟು ಫಲಾನುಭವಿ. ಇಡೀ ರಾಜ್ಯದಲ್ಲಿ ಶಕ್ತಿ ಟಿಕೆಟ್ಟುಗಳ ಸಂಖ್ಯೆ 2025ರ ಜುಲೈನಲ್ಲೇ 500 ಕೋಟಿ ಮುಟ್ಟಿತು. 2011ರ ಜನಗಣತಿಯಂತೆ ನಾವೆಲ್ಲ ಸೇರಿ ಆರು ಕೋಟಿ ಚಿಲ್ಲರೆ. ದಿನಾ ಸಂತೆಗೆ ಹೋಗಿ ಬರುವ ಸೊಪ್ಪಿನ ಹೆಂಗಸು ಒಬ್ಬಳೇ ವರ್ಷಕ್ಕೆ ಏಳುನೂರು ಫಲಾನುಭವಿ ಆಗಿಬಿಟ್ಟಳಲ್ಲ ಅಂತ ನಗು ಬಂತು.

ಆಗ ಇನ್ನೊಂದು ಕಣ್ಣಿಗೆ ಬಿತ್ತು. ಬಸ್ಸಿನಲ್ಲಿ ಅವಳು ಪ್ರಯಾಣಿಕಳು. ಗೃಹಜ್ಯೋತಿಯ ಬಿಲ್ಲಿನಲ್ಲಿ ಗ್ರಾಹಕಿ. ಅನ್ನಭಾಗ್ಯಕ್ಕೆ ಪಡಿತರ ಚೀಟಿದಾರಳು. ಗೃಹಲಕ್ಷ್ಮಿಯ ಅರ್ಜಿಯಲ್ಲಿ ಕುಟುಂಬದ ಯಜಮಾನಿ. ಅವಳ ಮಗ ಯುವನಿಧಿಗೆ ಪದವೀಧರ. ಪ್ರತಿಯೊಂದಕ್ಕೂ ಅದರದ್ದೇ ಹೆಸರಿದೆ, ಆ ಹೆಸರಿನಲ್ಲಿ ಅವಳು ಏನು ಮಾಡುತ್ತಾಳೆ ಅನ್ನೋದೂ ಇದೆ. ಶಾಸಕರ ಪುಸ್ತಿಕೆಗೆ ಬಂದ ಕೂಡಲೇ ಎಲ್ಲರೂ ಫಲಾನುಭವಿ.

‘ಯಜಮಾನಿ’ ಬಗ್ಗೆ ಒಂದು ಮಾತು ಹೇಳಲೇಬೇಕು. ಸಂಸ್ಕೃತದಲ್ಲಿ ಯಜಮಾನ ಅಂದರೆ ಯಜ್ಞ ಮಾಡಿಸುವವನು. ನಮ್ಮಲ್ಲಿ ಅವನು ಮನೆಯ ಹಿರಿಯನಾದ, ಆಮೇಲೆ ಗಂಡನಾದ. ‘ನಮ್ಮ ಯಜಮಾನ್ರು ಊರಲ್ಲಿಲ್ಲ’ ಅಂದರೆ ಯಾರಿಗೂ ಅನುಮಾನ ಬರೋದಿಲ್ಲ. ಯಜಮಾನಿ ಮಾತ್ರ ನಿಘಂಟಿನಲ್ಲಿ ತಣ್ಣಗೆ ಕೂತಿದ್ದಳು. ನಮ್ಮ ಕಡೆ ಬಾಯಲ್ಲಿ ‘ಯಜಮಾನ್ತಿ’ ಅಂತಿದ್ದರು, ಅದೂ ಸ್ವಲ್ಪ ವ್ಯಂಗ್ಯದಲ್ಲಿ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಪಡಿತರ ಚೀಟಿಯ ಮುಖ್ಯಸ್ಥೆ ಮಾಡಿತು. 2023ರಲ್ಲಿ ಗೃಹಲಕ್ಷ್ಮಿಯಿಂದ ಅದಕ್ಕೆ ತಿಂಗಳಿಗೆ 2000 ರೂಪಾಯಿ ಅಂಟಿಕೊಂಡಿತು. ಅತ್ತೆಗೋ ಸೊಸೆಗೋ ಅಂತ ಮನೆಮನೆಯಲ್ಲಿ ಜಗಳ ಬಂತು. ಒಂದು ಪದದ ಅರ್ಥಕ್ಕೆ ಇಷ್ಟೊಂದು ಬೆಲೆ ಬಂದದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಈಗ ಫಲಾನುಭವಿಗೆ ಬರುತ್ತೇನೆ. ಫಲ ಸರಿ, ಅನುಭವಿ ಯಾಕೆ? ಆಡುಮಾತಿನಲ್ಲಿ ‘ಅನುಭವಿಸು’ ಅಂದರೆ ಒಳ್ಳೆಯದು ಕಡಿಮೆ, ಕಷ್ಟವೇ ಜಾಸ್ತಿ. ‘ಹೇಳಿದ ಮಾತು ಕೇಳಲಿಲ್ಲ, ಈಗ ಅನುಭವಿಸು’ ಅಂತೀವಿ. ಮಾಡಿದ್ದುಣ್ಣೋ ಮಹರಾಯ ಅನ್ನೋದೂ ಅದೇ ದಾರಿ. ಫಲವೂ ಅನುಭವವೂ ಒಟ್ಟಿಗೆ ಬಂದರೆ ನನ್ನ ಕಿವಿಗೆ ಮೊದಲು ಕೇಳಿಸೋದು ಕರ್ಮಫಲ. ನಮ್ಮಮ್ಮನಿಗೆ ಆ ಸಾಲು ಓದಿ ಹೇಳಿದೆ. ‘ಏನು ಪಾಪ ಮಾಡಿದ್ದರಂತೆ ಅವರು?’ ಅಂದರು. ತಮಾಷೆಗೆ ಅಂದದ್ದು ಇರಬಹುದು. ಆದರೂ.

ಅಕ್ಕಪಕ್ಕದ ಭಾಷೆಗಳನ್ನು ನೋಡಿದೆ. ಹಿಂದಿ, ಮರಾಠಿಯಲ್ಲಿ ಲಾಭಾರ್ಥಿ. ಅಲ್ಲಿರುವ ಅರ್ಥಿ ಕೈಚಾಚಿ ಕೇಳುವವನು, ಅದು ನನಗೆ ಹಿಡಿಸಲಿಲ್ಲ. ತೆಲುಗಿನವರು ಲಬ್ಧಿದಾರು ಅಂತಾರೆ, ಸಂಸ್ಕೃತದ ಲಬ್ಧಿಗೆ ಪಾರ್ಸಿಯ ದಾರ. ಮಲಯಾಳದಲ್ಲಿ ಗುಣಭೋಕ್ತಾವ್, ಅದು ನಮ್ಮದರ ಹತ್ತಿರದ ನೆಂಟ. ತಮಿಳಿನ ಪಯನಾಳಿ ಚಿಕ್ಕದು, ಚೊಕ್ಕದು. ಪ್ರಯೋಜನ ಪಡೆಯುವವರು, ಅಷ್ಟೇ. ಹೊಟ್ಟೆಕಿಚ್ಚಾಯಿತು.

ಇಷ್ಟಾದ ಮೇಲೆ ಪದ ಕೆಟ್ಟದ್ದು ಅಂತ ತೀರ್ಮಾನಿಸಿ ಬಿಡುತ್ತಿದ್ದೆ. ಆದರೆ ಅದೇ ವಾರ ಪತ್ರ ಬರಹಗಾರರೊಬ್ಬರು ಹಳೇ ಕ್ರಯಪತ್ರ ಒಂದನ್ನು ಟೈಪ್ ಮಾಡಿಸಲು ತಂದರು. ಜಮೀನು ಕೊಂಡವನಿಗೆ ಹೇಳುವ ಕೊನೆ ಮಾತು ಅದರಲ್ಲಿ ಹೀಗಿತ್ತು: ಪುತ್ರ ಪೌತ್ರ ಪಾರಂಪರ್ಯವಾಗಿ ಸುಖವಾಗಿ ಅನುಭವಿಸಿಕೊಂಡು ಬರುವುದು. ಅಲ್ಲಿ ಅನುಭವ ಅಂದರೆ ಸ್ವಾಧೀನ, ಹಕ್ಕು. ಇವತ್ತಿಗೂ ಜಮೀನಿನ ತಕರಾರಿನಲ್ಲಿ ‘ಮೂವತ್ತು ವರ್ಷದಿಂದ ನನ್ನ ಅನುಭವದಲ್ಲಿದೆ’ ಅಂದರೆ ಅದು ಗಟ್ಟಿ ಮಾತು. ಆ ದಾರಿಯಲ್ಲಿ ನೋಡಿದರೆ ಫಲಾನುಭವಿ ಪಡೆಯುವವನಲ್ಲ, ಒಡೆಯ. ಮರದ ಹಣ್ಣು ಯಾರ ಅನುಭವಕ್ಕೋ ಅವನು. ಪದ ಮಾಡಿದವರು ಇದನ್ನು ಯೋಚಿಸಿಯೇ ಮಾಡಿದರೋ, ಇಂಗ್ಲಿಷಿನ ‘ಬೆನಿಫಿಷಿಯರಿ’ ಪದವನ್ನು ಮುಂದಿಟ್ಟುಕೊಂಡು ಜೋಡಿಸಿದರೋ? ಇದು ನನ್ನ ಮೊದಲ ಪ್ರಶ್ನೆ. ಹಳೆಯ ಆಡಳಿತ ಕನ್ನಡದ ಕಾಗದ ಪತ್ರ ನೋಡಿದವರು ದಯವಿಟ್ಟು ಹೇಳಿ.

ಜನರ ಬಾಯಲ್ಲಿ ಈ ಪದ ಇಲ್ಲವೇ ಇಲ್ಲ. ಅವರಿಗೆ ಯೋಜನೆಯ ಹೆಸರೇ ದುಡ್ಡು. ‘ಗೃಹಲಕ್ಷ್ಮಿ ಬಿತ್ತಾ?’ ಅಂತ ಬ್ಯಾಂಕಿನ ಮುಂದೆ ಕೇಳುತ್ತಾರೆ. ಐದು ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ಖಾತೆಗೆ ಹಾಕುತ್ತಿದ್ದ ದಿನಗಳಲ್ಲಿ ಅದು ‘ಅಕ್ಕಿ ದುಡ್ಡು’ ಆಗಿತ್ತು. ನಮ್ಮ ಬೀದಿಯ ಅಜ್ಜಿಯೊಬ್ಬರು ಪ್ರೆಸ್ಸಿನ ಬಾಗಿಲಲ್ಲಿ ನಿಂತು ಹೇಳಿದ್ದು ಇದು: ‘ನಂಗೆ ಮೂರು ತಿಂಗಳಿಂದ ವೃದ್ಧಾಪ್ಯ ನಿಂತೋಗಿದೆ ಕಣಪ್ಪ, ಒಂದು ಅರ್ಜಿ ಬರ್ಕೊಡು.’ ವೃದ್ಧಾಪ್ಯ ನಿಂತೇ ಹೋದರೆ ಯಾರು ತಾನೇ ಅರ್ಜಿ ಹಾಕುತ್ತಾರೆ ಅಂತ ನಗಬಹುದಿತ್ತು. ಅಜ್ಜಿಯ ಮುಖ ನೋಡಿ ನಗಲಿಲ್ಲ. ಅರ್ಜಿ ಬರೆದುಕೊಟ್ಟೆ. ಅದರಲ್ಲಿ ನಾನೂ ‘ಫಲಾನುಭವಿಯಾದ ನಾನು’ ಅಂತಲೇ ಬರೆದೆ, ಇಲ್ಲದಿದ್ದರೆ ಅರ್ಜಿಗೆ ಅರ್ಜಿಯ ಕಳೆ ಬರೋದಿಲ್ಲ.

ಜೊತೆಗೇ ಇನ್ನೊಂದು ಪದ ಕೇಳಿಬಿಡುತ್ತೇನೆ, ‘ಚಾಲನೆ’. ನಾನು ಕಂಡ ಬಳಕೆಯಲ್ಲಿ ರಸ್ತೆ, ಚರಂಡಿಗೆ ಗುದ್ದಲಿ ಪೂಜೆ. ಕಟ್ಟಡಕ್ಕೆ ಶಂಕುಸ್ಥಾಪನೆ. ಶಂಕು ಅಂದರೆ ಗೂಟ. ಹಿಂದೆ ಅದನ್ನು ನೆಟ್ಟು ನೆರಳು ನೋಡಿ ದಿಕ್ಕು ಗೊತ್ತು ಮಾಡುತ್ತಿದ್ದರು. ಈಗ ಗೂಟ ಇಲ್ಲ, ಹೆಸರು ಕೆತ್ತಿದ ಕಲ್ಲು ಇದೆ. ಮುಗಿದ ಮೇಲೆ ಉದ್ಘಾಟನೆ, ದುಡ್ಡು ದೊಡ್ಡದಿದ್ದರೆ ಲೋಕಾರ್ಪಣೆ. ಇವ್ಯಾವುದಕ್ಕೂ ಸೇರದ್ದೆಲ್ಲ ಚಾಲನೆ. ಪೂಜೆ ಆಗಿ ವರ್ಷ ಕಳೆದ ಕಾಮಗಾರಿಗೆ ಮತ್ತೆ ಫೋಟೋ ತೆಗೆದರೂ ‘ಶಾಸಕರಿಂದ ಚಾಲನೆ’. ಪುಸ್ತಿಕೆಯಲ್ಲಿ ಒಂದೇ ಚರಂಡಿಗೆ ಎರಡು ಪುಟಗಳಲ್ಲಿ ಚಾಲನೆ ಸಿಕ್ಕಿದೆ. ನಾನು ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಕಳಿಸಿದೆ. ಎರಡನ್ನೂ ಉಳಿಸಿ ಅಂತ ವಾಪಸ್ ಬಂತು.

ಎರಡನೇ ಪ್ರಶ್ನೆ: ಫಲಾನುಭವಿಯ ಜಾಗದಲ್ಲಿ ಏನು ಹಾಕಬಹುದು? ‘ಹಕ್ಕುದಾರರು’ ಅಂತ ಬರೆದು ನೋಡಿದೆ. ಹಕ್ಕಿದ್ದೂ ಸಿಗದವರು ಬೇಕಾದಷ್ಟು ಜನ ಇರೋದರಿಂದ ಅರ್ಥ ಬೇರೆಯಾಗುತ್ತೆ. ‘ಅರ್ಹರು’ ಅಂದರೂ ಅದೇ ಕಷ್ಟ. ‘ಸವಲತ್ತು ಪಡೆದವರು’ ಸರಳವಾಗಿದೆ. ಸವಲತ್ತಿನ ಮೂಲ ಅರಬ್ಬಿಯ ಸುಹೂಲತ್, ಅಂದರೆ ಸಲೀಸು. ಮರಾಠಿಯಲ್ಲಿ ಸವಲತ್ ಆಗಿ ನಮ್ಮಲ್ಲಿ ಸವಲತ್ತು ಆಯಿತು. ಆದರೆ ತಲೆಬರಹದ ಜಾಗಕ್ಕೆ ಉದ್ದ. ‘ಪಡೆದವರು’ ಅಂತಷ್ಟೇ ಹಾಕಿದರೆ ಶಾಸಕರ ಆಪ್ತ ಸಹಾಯಕರು ‘ಏನನ್ನು?’ ಅಂತಾರೆ.

ಕರಾವಳಿ, ಬೀದರ್, ಕೊಡಗಿನ ಕಡೆಯವರು ಮನೆಮಾತಿನಲ್ಲಿ ಏನಂತೀರಿ? ಪಿಂಚಣಿ ಬರುವವರಿಗೆ, ಮನೆ ಮಂಜೂರಾದವರಿಗೆ ಹಳ್ಳಿಯಲ್ಲಿ ಬೇರೆ ಹೆಸರೇನಾದರೂ ಇದೆಯಾ? ಪ್ರೂಫ್ ಮಂಗಳವಾರ ಬೆಳಗ್ಗೆ ವಾಪಸ್ ಹೋಗಬೇಕು. ಬಸ್ಸಿನ ಲೆಕ್ಕವನ್ನು ‘ಪ್ರಯಾಣಗಳು’ ಅಂತ ಬೇರೆ ಸಾಲಿಗೆ ತೆಗೆದಿದ್ದೇನೆ. ಅದೊಂದಕ್ಕೆ ಒಪ್ಪಿಗೆ ಸಿಗಬಹುದು. ಉಳಿದ ನಲವತ್ತು ಹಾಗೇ ಇವೆ.