ಪದಚರ್ಚೆ: ಗಿಟಾರ್ ಆಲ್ಬಂ ಫಲಕಕ್ಕೆ ‘ಫ್ಯೂಷನ್’, ‘ಸೋಲೋ’, ‘ಬೆಂಡ್’, ‘ಡಿಸ್ಟಾರ್ಷನ್’ (ತುರ್ತು)

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಶನಿವಾರ ಹಳೆಯ ಆಲ್ಬಂಗಳನ್ನು ಕೂತು ಕೇಳುವ ಒಂದು ಕಾರ್ಯಕ್ರಮವಿದೆ. ಬಾಗಿಲಲ್ಲಿ ನಿಲ್ಲಿಸಲು 2 ಅಡಿ ಅಗಲ, 3 ಅಡಿ ಎತ್ತರದ ಕನ್ನಡ ಫಲಕ ಬೇಕು. ನಾಳೆ ಸಂಜೆ 5ಕ್ಕೆ ಅಚ್ಚಿಗೆ ಕೊಡಬೇಕು.

ಆಲ್ಬಂ: ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನುಡಿಸುವ ಪ್ರಸನ್ನ ಅವರ ‘ಎಲೆಕ್ಟ್ರಿಕ್ ಗಣೇಶ ಲ್ಯಾಂಡ್’ (2006). ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ಗೆ ನಮನವಾಗಿ ಮಾಡಿದ್ದು. ಹೆಂಡ್ರಿಕ್ಸ್‌ನ 1968ರ ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’ನಲ್ಲಿ ಲೇಡಿ ಇದ್ದ ಜಾಗಕ್ಕೆ ಗಣೇಶನನ್ನು ತಂದು ಕೂರಿಸಿದ ಹೆಸರು. ಒಳಗಿನ ಹೆಸರುಗಳೂ ಇದೇ ತುಂಟತನದವು: ‘ಇರಪ್ಷನ್ ಇನ್ ಬ್ಯಾಂಗಲೋರ್’, ‘ಪಾಟ್ ಬೆಲ್ಲಿ ಬ್ಲೂಸ್’, ‘ಫೋರ್ತ್ ಸ್ಟೋನ್ ಫ್ರಂ ದ ಸನ್’.

ಬೇರೆ ಬೇರೆ ಸಂಗೀತ ಪದ್ಧತಿಗಳು ಬೆರೆತ ಫ್ಯೂಷನ್ ಆಲ್ಬಂ ಇದು. ನನ್ನ ಕರಡು ಹೀಗಿದೆ: ‘ಲೀಲಾತ್ಮಕ ಏಕವಾದ್ಯ ಸಮ್ಮಿಲನ ಸಂಗೀತಗುಚ್ಛ. ತಂತಿ ಬಾಗಿಸುವಿಕೆ, ಧ್ವನಿ ವಿರೂಪಗಳ ಮೂಲಕ ರಾಗ ನಿರೂಪಣೆ.’ ಓದಿದರೆ ಸರ್ಕಾರಿ ಸುತ್ತೋಲೆಯಂತಿದೆ. ದಯವಿಟ್ಟು ತಿದ್ದಿಕೊಡಿ.

ಉತ್ತರ, ಮೈಸೂರಿನಿಂದ

ಬೆಂಡ್ ಪದಕ್ಕೆ ಬರೆದ ‘ಬಾಗಿಸುವಿಕೆ’ಯನ್ನು ಮೊದಲು ಹೊಡೆದುಹಾಕಿ. ವೀಣೆಯವರು ತಂತಿಯನ್ನು ಬಾಗಿಸುವುದಿಲ್ಲ, ಎಳೆಯುತ್ತಾರೆ. ಮೆಟ್ಟಿಲ (ಸ್ವರಸ್ಥಾನದ ಅಡ್ಡಪಟ್ಟಿ, ಇಂಗ್ಲಿಷಿನ ಫ್ರೆಟ್) ಮೇಲೆ ಒತ್ತಿದ ತಂತಿಯನ್ನು ಅಡ್ಡಕ್ಕೆ ಎಳೆದರೆ ಬಿಗಿ ಹೆಚ್ಚಿ ಸ್ವರ ಏರುತ್ತದೆ. ಗಿಟಾರಿನಲ್ಲೂ ನಡೆಯುವುದು ಅಷ್ಟೇ. ‘ಎಳೆತ’ ಎಂದು ಬರೆಯಿರಿ. ವೀಣೆಯ 24 ಮೆಟ್ಟಿಲು ಮೇಣದ ಮೇಲೆ ಎತ್ತರಕ್ಕೆ ಕೂತಿರುವುದರಿಂದ ಬೆರಳಿಗೆ ಕೆಳಗೆ ಜಾಗವಿದೆ, ಒಂದೇ ಮೆಟ್ಟಿಲಲ್ಲಿ ಮೂರು ನಾಲ್ಕು ಸ್ವರ ಎಳೆಯಬಹುದು. ಗಿಟಾರಿನ ಮೆಟ್ಟಿಲು ಗಿಡ್ಡ. ಸಾಮಾನ್ಯವಾಗಿ ಎರಡು ಮೆಟ್ಟಿಲಿನಷ್ಟು, ತೆಳು ತಂತಿ ಹಾಕಿದ್ದರೆ ಮೂರು.

ಇನ್ನೊಂದು ಎಚ್ಚರ. ಎಳೆತ ಸ್ವರವನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಮೇಲಿನಿಂದ ಕೆಳಗೆ ಬರಬೇಕಾದರೆ ಮೊದಲೇ ಎಳೆದುಕೊಂಡು, ಮೀಟಿ, ನಿಧಾನಕ್ಕೆ ಸಡಿಲಿಸಬೇಕು. ಆದ್ದರಿಂದ ‘ಜಾರು’ ಎಂಬ ಪದವನ್ನು ಇದಕ್ಕೆ ಬಳಸಬೇಡಿ. ಜಾರು ಎಂದರೆ ಬೆರಳು ತಂತಿಯ ಉದ್ದಕ್ಕೆ ಸರಿಯುವುದು, ಅದು ಗಿಟಾರಿನವರ ಸ್ಲೈಡ್. ಎರಡನ್ನೂ ಒಂದೇ ಪದದಲ್ಲಿ ಹೇಳಿದರೆ ನುಡಿಸುವವರು ಫಲಕ ಓದಿ ಮುಖ ತಿರುಗಿಸುತ್ತಾರೆ.

ಸೋಲೋಗೆ ‘ಏಕವಾದ್ಯ’ದ ಬದಲು ‘ತನಿ ಗಿಟಾರ್’ ಎನ್ನಿ. ಸಂಗೀತ ಕಚೇರಿಯಲ್ಲಿ ತಾಳವಾದ್ಯದವರಿಗೇ ಬಿಟ್ಟುಕೊಡುವ ತನಿ ಆವರ್ತನ ಕೇಳಿದವರಿಗೆಲ್ಲ ಅರ್ಥವಾಗುತ್ತದೆ.

ಉತ್ತರ, ಧಾರವಾಡದಿಂದ

‘ತನಿ ಗಿಟಾರ್’ ಬೇಡ. ಕಚೇರಿಯ ‘ತನಿ’ ತಮಿಳಿನದು. ಕನ್ನಡದ ತನಿ ಎಂದರೆ ಮಾಗಿದ, ತುಂಬಿದ: ತನಿವಣ್ಣು, ತನಿಗಂಪು. ಕಚೇರಿಗೆ ಹೋಗದ ಓದುಗ ‘ತನಿ ಗಿಟಾರ್’ ನೋಡಿ ಏನೆಂದು ತಿಳಿಯಬೇಕು?

ಫ್ಯೂಷನ್‌ಗೆ ಯಾರಾದರೂ ‘ಮಿಶ್ರ ಸಂಗೀತ’ ಎನ್ನುವ ಮುಂಚೆಯೇ ಹೇಳಿಬಿಡುತ್ತೇನೆ, ಆಗದು. ತಾಳದಲ್ಲಿ ಮಿಶ್ರ ಎಂದರೆ 7 ಎಣಿಕೆ. ನಮ್ಮ ಕಡೆ ಮಿಶ್ರ ಪೀಲು, ಮಿಶ್ರ ಖಮಾಜ್ ಎಂದರೆ ಬೇರೆ ರಾಗದ ನೆರಳು ಬಿದ್ದದ್ದು. ‘ಜುಗಲ್‌ಬಂದಿ’ಯೂ ಆಗದು, ಅದಕ್ಕೆ ಇಬ್ಬರು ಬೇಕು. ‘ಕೂಡುಸಂಗೀತ’ ಸರಿಯಾದ ಪದ. ಅರಿಸಮಾಸ (ಕನ್ನಡ, ಸಂಸ್ಕೃತ ಪದ ಬೆರೆಸಿದ ಸಮಾಸದೋಷ) ಎಂದು ಯಾರೂ ಎದ್ದು ನಿಲ್ಲಬೇಕಿಲ್ಲ: ಕೂಡುವುದು + ಸಂಗೀತ, ಪೂರ್ವಪದ ಕೃದಂತ (ಕ್ರಿಯಾಪದದಿಂದ ಆದ ಪದ), ಗಮಕಸಮಾಸ. ಉಡುದಾರ, ಸುಡುಗಾಡು ಆದ ದಾರಿಯಲ್ಲೇ ಇದೂ ಆಗಿದೆ. ಗಮಕಸಮಾಸಕ್ಕೆ ಅರಿಸಮಾಸದ ದೋಷ ತಟ್ಟುವುದಿಲ್ಲ.

ಗಿಟಾರ್ ಪದಕ್ಕೆ ಪರ್ಯಾಯ ಹುಡುಕಬೇಡಿ. ಹಾಗೆಯೇ, ಅದು ‘ಗೀತ + ತಾರ’ದಿಂದ ಬಂತು ಎಂದು ಈ ಚರ್ಚಾಪಟ್ಟಿಯಲ್ಲಿ ಇನ್ನೊಮ್ಮೆ ಬರೆಯುವುದೂ ಬೇಡ. ಗ್ರೀಕಿನ ಕಿಥಾರ, ಅರಬ್ಬಿಯ ಕೀತಾರ, ಸ್ಪ್ಯಾನಿಷ್‌ನ ಗಿತಾರ. ಸಿತಾರ್ ಪಾರಸಿಯ ಸೆಹ್‌ತಾರ್, ಮೂರು ತಂತಿ. ಎರಡಕ್ಕೂ ಗೀತಕ್ಕೂ ಸಂಬಂಧವಿಲ್ಲ.

ಉತ್ತರ, ಶಿವಮೊಗ್ಗದಿಂದ

ಕೂಡುಸಂಗೀತದಲ್ಲಿ ಅರ್‍ದ ಸಂಸ್ಕ್ರುತ ಉಳಿದೇ ಇದೆ. ‘ಬೆಸುಗೆಯಿಂಪು’ ಎಂದು ಬರೆಯಬಹುದು. ಅದು ಬೇಡವಾದರೆ ‘ಪ್ಯೂಶನ್’ ಎಂದೇ ಇಡಿ, ಆದರೆ ಪ ಮತ್ತು ಶ ಇಟ್ಟು. ಕನ್ನಡದ ಬಾಯಿಗೆ ಬಂದಮೇಲೆ ಪಿಡಲ್ ಪಿಟೀಲು ಆಯಿತು. ಚವ್ಡಯ್ಯನವರನ್ನು ನಾಡೆಲ್ಲ ಪಿಟೀಲು ಚವ್ಡಯ್ಯ ಎಂದೇ ಕರೆಯಿತು, ಯಾರಿಗೂ ಕೊರತೆ ಕಾಣಲಿಲ್ಲ. ಎರವಲು ತಂದ ಪದ ನಮ್ಮ ಉಲಿಕೆಗೆ ಒಗ್ಗಬೇಕು.

ಉತ್ತರ, ಧಾರವಾಡದಿಂದ

ಬೆಸುಗೆ ಕಮ್ಮಾರನ ಪದ. ಗಿಟಾರ್ ಬಲ್ಲವನಿಗೆ ಅದು ಪಿಕಪ್ಪಿನ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗದ) ವೈರನ್ನು ಜ್ಯಾಕ್‌ಗೆ ಹಿಡಿಸುವ ಕೆಲಸ. ಪಿಟೀಲು ಜನ ತಾವಾಗಿ ಹೇಳಿ ಹೇಳಿ ಒಗ್ಗಿಸಿಕೊಂಡ ಪದ. ‘ಪ್ಯೂಶನ್’ ನೀವು ಕುಳಿತು ತಿದ್ದಿದ ಕಾಗುಣಿತ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಉತ್ತರ, ಶಿವಮೊಗ್ಗದಿಂದ

ಒಗ್ಗಿಸಿಕೊಳ್ಳುವ ಹಕ್ಕು ಅಂದಿನ ಜನಕ್ಕಿತ್ತು, ಇಂದಿನವರಿಗಿಲ್ಲ ಎಂದರೆ ಒಪ್ಪಲಾರೆ. ಕೂಡುಸಂಗೀತವೂ ನೀವು ಕುಳಿತು ಕಟ್ಟಿದ್ದೇ ಅಲ್ಲವೇ?

ಉತ್ತರ, ಮಂಗಳೂರಿನಿಂದ

ಕೇಳಿದವರಿಗೆ ನಾಳೆ ಸಂಜೆಯ ಗಡುವಿದೆ. ಫಲಕಕ್ಕೆ ಬೇಕಾದದ್ದಕ್ಕೆ ಬರೋಣ.

ಮೇಡಂ, ‘ಸೋಲೋ’ ಎಂಬಲ್ಲೇ ಕರಡು ದಾರಿ ತಪ್ಪಿದೆ. ಸೋಲೋ ಆಲ್ಬಂ ಎಂದರೆ ಒಬ್ಬರ ಹೆಸರಿನಲ್ಲಿ, ಒಬ್ಬರ ಕಲ್ಪನೆಯಲ್ಲಿ ಬಂದದ್ದು. ಒಂದೇ ವಾದ್ಯ ಕೇಳಿಸುತ್ತದೆ ಎಂದಲ್ಲ. ಈ ಆಲ್ಬಂನಲ್ಲಿ ಗಿಟಾರಿನ ಜೊತೆ ತಾಳವಾದ್ಯಗಳು ಜೋರಾಗಿಯೇ ಇವೆ. ‘ಏಕವಾದ್ಯ’ ಎಂದು ಓದಿ ಒಳಗೆ ಬಂದವರಿಗೆ ಮೊದಲ ನಿಮಿಷದಲ್ಲೇ ಫಲಕ ಸುಳ್ಳಾಗುತ್ತದೆ. ‘ತನಿ’ಗೂ ‘ಒಂಟಿ’ಗೂ ಇದೇ ತೊಂದರೆ. ಪದವೇ ಬೇಡ, ‘ಗಿಟಾರ್: ಪ್ರಸನ್ನ’ ಎಂದು ದೊಡ್ಡದಾಗಿ ಹಾಕಿ. ಇನ್‌ಸ್ಟ್ರುಮೆಂಟಲ್‌ಗೆ ‘ಹಾಡಿಲ್ಲದ’ ಸಾಕು. ‘ವಾದ್ಯ ಗಿಟಾರ್’ ಎಂದರೆ ಪುನರುಕ್ತಿ.

ಡಿಸ್ಟಾರ್ಷನ್‌ಗೆ ‘ವಿರೂಪ’ ಬೇಡವೇ ಬೇಡ. ನಿಘಂಟಿನಲ್ಲಿದೆ, ನಿಜ, ಅದು ಕನ್ನಡಿಯಲ್ಲಿ ಮುಖ ಸೊಟ್ಟಗಾದದ್ದಕ್ಕೆ. ಇಲ್ಲಿ ಆಗುವುದು ಬೇರೆ. ಆಂಪ್ಲಿಫೈಯರ್ ತಡೆಯುವುದಕ್ಕಿಂತ ಹೆಚ್ಚಿನ ಸಿಗ್ನಲ್ ಕೊಟ್ಟಾಗ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ. ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದಲ್ಲಿಲ್ಲದ ಮೇಲುಸ್ವರಗಳು (ಇಂಗ್ಲಿಷಿನ ಓವರ್‌ಟೋನ್) ಹುಟ್ಟುತ್ತವೆ, ದನಿ ಗೊಗ್ಗರಾಗುತ್ತದೆ. ಮೀಟಿದ ಸ್ವರ ಬೇಗ ಸಾಯದೆ ಎಳೆದು ನಿಲ್ಲುವುದೂ ಇದರಿಂದಲೇ. ಗಿಟಾರಿನಲ್ಲಿ ರಾಗ ನುಡಿಸುವವರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಎಳೆತ ಮುಗಿಯುವ ತನಕ ನಾದ ಬದುಕಿರಬೇಕು. ಬರಿ ಮರದ ಗಿಟಾರಿನಲ್ಲಿ ಗಮಕದ (ಸ್ವರವನ್ನು ತೂಗಿ, ಎಳೆದು ನುಡಿಸುವ ಅಲಂಕಾರದ) ಅರ್ಧ ದಾರಿಗೇ ಸ್ವರ ಇಂಗಿಹೋಗುತ್ತದೆ. ‘ಗೊಗ್ಗರು ದನಿ’ ಎಂದು ಬರೆಯಿರಿ. ಹೆಂಡ್ರಿಕ್ಸ್ ಕೇಳಿದವರು ತಲೆದೂಗುತ್ತಾರೆ, ಕೇಳದವರಿಗೂ ತಿಳಿಯುತ್ತದೆ.

‘ನುಡಿಸು’, ‘ಬಾರಿಸು’ ಕಲಸಬೇಡಿ. ಗಿಟಾರ್ ನುಡಿಸುತ್ತಾರೆ, ಘಟ ಬಾರಿಸುತ್ತಾರೆ.

ಉತ್ತರ, ಮೈಸೂರಿನಿಂದ

ಗೊಗ್ಗರಿನ ಬದಲು ‘ಜೀವಾಳದ ದನಿ’ ಎಂದರೆ ಇನ್ನೂ ಚೆನ್ನ. ತಂಬೂರಿಗೆ ಮೇಲುಸ್ವರ ಹುಟ್ಟಿಸುವುದು ಜೀವಾಳವೇ.

ಉತ್ತರ, ಮಂಗಳೂರಿನಿಂದ

ಒಪ್ಪುವುದಿಲ್ಲ ಮೇಡಂ. ಜೀವಾಳ ಕುದುರೆಗೂ (ತಂತಿ ಕೂರುವ ಸೇತುವೆ) ತಂತಿಗೂ ನಡುವೆ ಸಿಕ್ಕಿಸುವ ನೂಲು. ಮೆಲ್ಲಗೆ ಮೀಟಿದರೂ ಅದು ಝೇಂಕರಿಸುತ್ತದೆ. ಗಿಟಾರಿನ ಗೊಗ್ಗರು ಸಿಗ್ನಲ್ ಜೋರಾದಂತೆ ಹೆಚ್ಚುತ್ತದೆ, ಮೆಲ್ಲಗೆ ಮೀಟಿದರೆ ತಿಳಿಯಾಗುತ್ತದೆ. ಆ ಪದ ತಂಬೂರಿಯದು, ಅಲ್ಲೇ ಇರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆ. ಹೆಸರುಗಳದ್ದು ಉಳಿಯಿತು. ‘ವಿದ್ಯುತ್ ಗಣೇಶ ನಾಡು’, ‘ಬೆಂಗಳೂರಿನಲ್ಲಿ ಜ್ವಾಲಾಮುಖಿ’, ‘ಡೊಳ್ಳುಹೊಟ್ಟೆ ಬ್ಲೂಸ್’ ಎಂದು ಹಾಕಲೇ?

ಉತ್ತರ, ಧಾರವಾಡದಿಂದ

ಆಲ್ಬಂ ಹೆಸರು ಮುಟ್ಟಬೇಡಿ. ವಿದ್ಯುತ್ ಗಣೇಶ ಎಂದರೆ ಚೌತಿಯ ಪೆಂಡಾಲಿನ ದೀಪಾಲಂಕಾರ. ಲೇಡಿಲ್ಯಾಂಡ್ ಕಿವಿಯಲ್ಲಿ ಮೊಳಗದಿದ್ದರೆ ಹೆಸರಿನ ಆಟವೇ ಇಲ್ಲ.

ಉತ್ತರ, ಮಂಗಳೂರಿನಿಂದ

ಎರಡನೆಯದೂ ಹಾಗೆಯೇ ಇರಲಿ. ‘ಇರಪ್ಷನ್’ 1978ರಲ್ಲಿ ರಾಕ್ ತಂಡ ವ್ಯಾನ್ ಹೇಲನ್‌ನ ಆಲ್ಬಂನಲ್ಲಿ ಬಂದ ಪ್ರಸಿದ್ಧ ಗಿಟಾರ್ ತುಣುಕಿನ ಹೆಸರೂ ಹೌದು. ‘ಫೋರ್ತ್ ಸ್ಟೋನ್’ನ ಹಿಂದೆ ಹೆಂಡ್ರಿಕ್ಸ್‌ನ 1967ರ ‘ಥರ್ಡ್ ಸ್ಟೋನ್’ ಇದೆ. ಆದರೆ ‘ಡೊಳ್ಳುಹೊಟ್ಟೆ ಬ್ಲೂಸ್’ ಖಂಡಿತ ಹಾಕಿ. ಇಂಗ್ಲಿಷಿನಲ್ಲಿ ಹೊಟ್ಟೆಗೆ ಗಡಿಗೆ ಅಂಟಿದೆ, ಕನ್ನಡದಲ್ಲಿ ಡೊಳ್ಳು. ಗಣಪನೂ ಉಳಿದ, ತಾಳವಾದ್ಯವೂ ಬಂತು. ‘ಲಂಬೋದರ’ದಲ್ಲಿ ಆ ಸದ್ದಿಲ್ಲ.

ಪ್ರಶ್ನೆ ಕೇಳಿದವರು

ಅಚ್ಚಿಗೆ ಹೋಗುವ ಪಠ್ಯ:

‘ಎಲೆಕ್ಟ್ರಿಕ್ ಗಣೇಶ ಲ್ಯಾಂಡ್ (2006). ಗಿಟಾರ್: ಪ್ರಸನ್ನ. ಹಾಡಿಲ್ಲದ, ತುಂಟತನ ತುಂಬಿದ ಫ್ಯೂಷನ್. ವೀಣೆಯಂತೆ ಎಳೆದ ತಂತಿ, ಹೆಂಡ್ರಿಕ್ಸ್‌ನ ಗೊಗ್ಗರು ದನಿ, ನಮ್ಮ ತಾಳ. ಕೇಳಲೇಬೇಕಾದದ್ದು: ಡೊಳ್ಳುಹೊಟ್ಟೆ ಬ್ಲೂಸ್.’

ಕೂಡುಸಂಗೀತ ನನಗೆ ಇಷ್ಟವಾಯಿತು. ಆದರೆ ಬಾಗಿಲಲ್ಲಿ ಅರೆಕ್ಷಣ ನಿಂತು ಓದುವವರಿಗೆ ಫ್ಯೂಷನ್ ಬೇಗ ತಲುಪುತ್ತದೆ.

ಉತ್ತರ, ಧಾರವಾಡದಿಂದ

ಹೀಗೆಯೇ ಒಂದೊಂದು ಫಲಕದಲ್ಲಿ ಒಂದೊಂದು ಪದ ಬಿಟ್ಟುಕೊಡುತ್ತ ಬಂದಿದ್ದೇವೆ. ಎದುರಿಗೆ ಕಾಣದ ಪದ ಬಳಕೆಗೆ ಬರುವುದು ಹೇಗೆ? ಕಾರ್ಯಕ್ರಮದ ಕರಪತ್ರದಲ್ಲಾದರೂ ‘ಕೂಡುಸಂಗೀತ’ ಎಂದು ಹಾಕಿ.

ಉತ್ತರ, ಶಿವಮೊಗ್ಗದಿಂದ

ಕರಪತ್ರದಲ್ಲಿ ‘ಬೆಸುಗೆಯಿಂಪು’ ಕೂಡ ಇರಲಿ. ಓದುಗರೇ ಆರಿಸಲಿ.

ಉತ್ತರ, ಮಂಗಳೂರಿನಿಂದ

ಅಚ್ಚಿನವರಿಗೆ ಸಾಲುಗಳ ನಡುವೆ ಜಾಗ ಬಿಡಲು ಹೇಳಿ. ಫ್ಯೂಷನ್‌ನ ಯ ಒತ್ತು, ಡೊಳ್ಳುವಿನ ಳ ಒತ್ತು ಕೆಳಗಿನ ಸಾಲಿಗೆ ತಾಗಿದರೆ ದೂರದಿಂದ ಓದಲಾಗುವುದಿಲ್ಲ. ಅಕ್ಷರದ ಎತ್ತರದ ಮುಕ್ಕಾಲು ಭಾಗ ಬಿಟ್ಟರೆ ಸಾಕು.